ಮುಂದಕ್ಕೆ ಸರಿಸಿದ ಬಾಟಲಿ

ಬುಕಾರೆಸ್ಟಿನ ನಮ್ಮ ಕಟ್ಟಡದ ಅಗ್ಲಾಯಾ ಅಜ್ಜಿ, ಅಂಗಡಿಯಲ್ಲಿ ಒಂದೇ ಹಾಲಿನ ಬಾಟಲಿ ಉಳಿದಿದ್ದರೆ ಅದನ್ನು ಮುಟ್ಟುವುದಿಲ್ಲ.

“ತಗೊಳ್ಳಿ ಅಜ್ಜಿ, ನಾಳೆ ಹೇಗೂ ಎಸೀತೀವಿ,” ಎಂದಳು ಅಂಗಡಿಯಾಕೆ.

“ಬೇಡಮ್ಮ.”

ದಾರಿಯಲ್ಲಿ ನಾನು ರೇಗಿದೆ. “ಕ್ರಾಂತಿಯಾಗಿ ಮೂವತ್ತೈದು ವರ್ಷ ಆಯ್ತು! ಈಗ ಯಾರಿಗೆ ಹಾಲಿಲ್ಲ?”

ಆಗ ಅಜ್ಜಿ ಹೇಳಿದರು. ಕ್ರಾಂತಿಗೆ ಮುಂಚೆ, ಕಮ್ಯುನಿಸ್ಟ್ ಸರ್ಕಾರವಿದ್ದಾಗಿನ ಕೊರತೆಯ ಚಳಿಗಾಲಗಳಲ್ಲಿ, ಹಾಲಿನಂಗಡಿಯ ಮುಂದೆ ಜನರ ಬದಲು ಖಾಲಿ ಬಾಟಲಿಗಳೇ ಸಾಲಾಗಿ ನಿಲ್ಲುತ್ತಿದ್ದವು. ಒಂದು ಬೆಳಗ್ಗೆ ಪಕ್ಕದ ಮನೆಯ ವೆತೂರಿಯಾ ತನ್ನ ಬಾಟಲಿ ಇಟ್ಟು, ಕೂಸಿಗೆ ಮೈ ಸುಡುತ್ತಿದೆಯೆಂದು ಮನೆಗೆ ಓಡಿದಳು. ಅಜ್ಜಿ ತಮ್ಮ ಬಾಟಲಿಯನ್ನು ಅವಳದಕ್ಕಿಂತ ಮುಂದಕ್ಕೆ ಸರಿಸಿದರು. ಕೊನೆಯ ಹಾಲು ಅಜ್ಜಿಗೆ ಸಿಕ್ಕಿತು.

“ಅವಳಿಗೆ ಗೊತ್ತಾಯ್ತಾ?”

“ಗೊತ್ತಾಗಿ ಬೈದಿದ್ರೆ ಇಷ್ಟೊತ್ತಿಗೆ ಮರೀತಿದ್ದೆ. ‘ನಿಮಗಾದ್ರೂ ಸಿಕ್ತಲ್ಲ ಅಕ್ಕಾ’ ಅಂತ ನನ್ನ ಕೈ ಹಿಡ್ಕೊಂಡ್ಲು.”