ಹಸುವಿನ ಹಿಂದೆ ಬನ್ನಿ
ಕಡಲಂಚಿನ ಆ ಹೊಲಕ್ಕೆ ಸರಿಯಾದ ದಾರಿಯೂ ಇರಲಿಲ್ಲ. ಆದರೂ ಅಲ್ಲಿ ಮೊಟ್ಟೆಯಿಡುವ ಕಡಲಹಕ್ಕಿಗಳನ್ನು ನೋಡಲು ಜನ ಬರುತ್ತಿದ್ದರು. ಹೊಲದ ಒಡತಿಯನ್ನು ಎಲ್ಲರೂ ಗೇಟಮ್ಮ ಎನ್ನುತ್ತಿದ್ದರು. ಗೇಟು ತೆಗೆಯಲು ಅವಳದು ಒಂದೇ ಷರತ್ತು: ಅವಳ ಮುದಿ ಹಸುವಿನ ಹಿಂದೆಯೇ ನಡೆಯಬೇಕು, ಅದು ನಿಂತರೆ ನಿಲ್ಲಬೇಕು. ವರ್ಷಗಟ್ಟಲೆ ಅಲ್ಲೇ ಮೇಯ್ದ ಹಸುವಿಗೆ ಹಕ್ಕಿಗಳು ಹೆದರುತ್ತಿರಲಿಲ್ಲ. ಮಗಳನ್ನು ಕೊಟ್ಟ ಬೀಗರನ್ನೂ ಹಾಗೆಯೇ ನಡೆಸಿದ್ದವಳು ಅವಳು.

ಒಂದು ಬೆಳಿಗ್ಗೆ ದೊಡ್ಡ ಸಾಹೇಬರೊಬ್ಬರು ಜೀಪಿನಲ್ಲಿ ಬಂದು ಹಾರ್ನ್ ಒತ್ತಿದರು.

"ಜೀಪು ಇಲ್ಲೇ ಬಿಡಿ ಸಾರ್. ಹಸು ಹಿಂದೆ ಬನ್ನಿ," ಎಂದಳು ಗೇಟಮ್ಮ.

"ನಾನ್ಯಾರು ಅಂತ ಗೊತ್ತೇನಮ್ಮ? ಮನಸ್ಸು ಮಾಡಿದ್ರೆ ನಾಳೆನೇ ಈ ಗೇಟು ಕೀಳಿಸ್ತೀನಿ!"

"ಕೀಳಿಸಿ. ಆ ಜಾಗದಲ್ಲಿ ನಾನೇ ನಿಂತಿರ್ತೀನಿ. ನೀವ್ಯಾರು ಅಂತ ನಂಗೆ ಗೊತ್ತಾಗಿ ಏನಾಗ್ಬೇಕು? ಕಾವಿಗೆ ಕೂತಿರೋ ಹಕ್ಕಿಗೆ ಗೊತ್ತಾಗ್ಬೇಕಲ್ಲ."

ಸಾಹೇಬರು ಹಲ್ಲು ಕಡಿಯುತ್ತಾ ಇಳಿದರು. ಹಸು ಹತ್ತು ಹೆಜ್ಜೆ ನಡೆದು ಮೇಯಲು ನಿಂತಿತು. ಸಾಹೇಬರೂ ನಿಂತರು. ಕಾಲು ಗಂಟೆಯಾಯಿತು. ಅವರ ಬೂಟಿನಿಂದ ಮಾರು ದೂರದಲ್ಲಿ ಹಕ್ಕಿಯೊಂದು ಅಲುಗಾಡದೆ ಮೊಟ್ಟೆಯ ಮೇಲೆ ಕೂತಿತ್ತು.

"ಹಸುನ ಸ್ವಲ್ಪ ಮುಂದಕ್ಕೆ ಹೊಡೀಬಾರ್ದೇನಮ್ಮ?" ಸಾಹೇಬರು ಪಿಸುಗುಟ್ಟಿದರು.

"ಅದಕ್ಕೂ ನೀವ್ಯಾರು ಅಂತ ಗೊತ್ತಿಲ್ಲ ಸಾರ್," ಎಂದಳು ಗೇಟಮ್ಮ.