ಮೊದಲ ಚಿಟಿಕೆ

ಹಿಂಡಿಯಲ್ಲಿ ಕಲಸಿ ದನಗಳಿಗೆ ಹಾಕುವ ಖನಿಜದ ಪುಡಿಯನ್ನು ಊರೂರಿಗೆ ಮುಟ್ಟಿಸುವುದು ನನ್ನ ಕೆಲಸ. ತಾಂಬಾ ಎಂಬ ಊರಲ್ಲಿ ಒಬ್ಬ ಆಯಿಯ ಎಮ್ಮೆ ಹಗಲೆಲ್ಲ ಮಣ್ಣಿನ ಗೋಡೆ ನೆಕ್ಕುತ್ತಿತ್ತು. ಗೋಡೆಯಲ್ಲಿ ದೊಡ್ಡ ಗುಳಿಯೇ ಬಿದ್ದಿತ್ತು.

“ಇದು ಚಟ ಅಲ್ರಿ ಆಯಿ. ಮೈಯಾಗ ಖನಿಜ ಕಡಿಮಿ ಆಗೇತಿ. ಈ ಪುಡಿ ಹಾಕ್ರಿ, ಬಿಡ್ತೈತಿ,” ಅಂದೆ.

ಆಯಿ ಪುಡಿ ಮೂಸಿದಳು. “ತಂದಾಕಿ ತಿನ್ನಲಾರದ್ದು ನನ್ನ ಎಮ್ಮಿಗೆ ಹಾಕಂಗಿಲ್ಲ. ಮೊದ್ಲ ನೀ ತಿಂದು ತೋರ್ಸು.”

ಓಣಿಯ ಹೆಂಗಸರೆಲ್ಲ ನೋಡುತ್ತ ನಿಂತಿದ್ದರು. ಹಿಂದೆ ಸರಿದಿದ್ದರೆ ಆ ಊರಲ್ಲಿ ನನ್ನ ಮಾತಿಗೆ ಕಿಮ್ಮತ್ತೇ ಇರುತ್ತಿರಲಿಲ್ಲ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಉಪ್ಪು, ಸುಣ್ಣ, ಜಂಗು ಹಿಡಿದ ಮೊಳೆ ಎಲ್ಲ ಸೇರಿದ ರುಚಿ. ಮುಖ ಕಿವುಚದೆ ನುಂಗಿದೆ.

“ಹ್ಯಾಂಗೈತಿ?”

“ಎಮ್ಮಿಗೆ ಸೇರ್ತೈತ್ರಿ.”

ಮುಂದಿನ ಸಲ ಹೋದಾಗ ಆಯಿ ಕೈಹಿಡಿದು ನನ್ನನ್ನು ಗೋಡೆಯ ಮುಂದೆ ನಿಲ್ಲಿಸಿದಳು. ಗುಳಿಗೆ ಮೆತ್ತಿದ ಹೊಸ ಮಣ್ಣು ಒಣಗಿತ್ತು, ನಾಲಿಗೆಯ ಗುರುತೇ ಇರಲಿಲ್ಲ. “ತಿಂದು ತೋರಿಸಿದಾಕಿ ಈಕೀನ ನೋಡ್ರೇ!” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. ನನ್ನ ಎದೆ ಉಬ್ಬಿತು.

ಆ ಸುದ್ದಿ ನನಗಿಂತ ಮೊದಲೇ ಸಿಂದಗಿ ಮುಟ್ಟಿತು. ಈಗ ಹೋದಲ್ಲೆಲ್ಲ ಮೊದಲ ಚಿಟಿಕೆ ನನಗೇ. ಒಂದಂತೂ ಖರೆ, ನಾನು ಇಲ್ಲಿತನಕ ಯಾರ ಗೋಡೆಯನ್ನೂ ನೆಕ್ಕಿಲ್ಲ.