ಟೆಂಪೋದೊಳಗಿನ ಬಿಸಿನೀರು

ನಮ್ಮತ್ತೆ ಯಾರ ಮನೆಯಲ್ಲೂ ರಾತ್ರಿ ಉಳಿಯುತ್ತಿರಲಿಲ್ಲ. ಬೆಳಗ್ಗೆ ಮಂಡಿಗೆ ಸುಡುಸುಡು ನೀರು ಬೀಳದಿದ್ದರೆ ಅವರಿಗೆ ಹೆಜ್ಜೆ ಕಿತ್ತಿಡಲು ಆಗದು. "ಇನ್ನೊಬ್ರ ಮನೇಲಿ ನೀರು ಕಾಯಿಸ್ಕೊಡಿ ಅಂತ ಬಾಯಿಬಿಟ್ಟು ಕೇಳಕ್ಕಾಗುತ್ತೇನಮ್ಮ?" ಎನ್ನುತ್ತಿದ್ದರು. ಅವರ ತಂಗಿ, ನಮ್ಮ ಚಿಕ್ಕತ್ತೆ, ಗೌರಿಬಿದನೂರಿನಲ್ಲಿ ಸೊಂಟ ಮುರಿದುಕೊಂಡು ಮಲಗಿದಾಗಲೂ, ಹೋದರೆ ನಾಲ್ಕು ದಿನ ಉಳಿಯಬೇಕಾಗುತ್ತದೆಂದು ಹೋಗಲಿಲ್ಲ. ದಿನಾ ಫೋನಿನಲ್ಲೇ ಕಣ್ಣೀರು ಹಾಕಿದರು.

ಅದನ್ನು ನೋಡಲಾರದೆ ನಮ್ಮ ಯಜಮಾನರು ಹಳೆಯ ಟೆಂಪೋಗೆ ಕೈಹಾಕಿದರು. ನಮ್ಮ ರೇಷ್ಮೆಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಹೊತ್ತು ಹೊತ್ತು ಸುಸ್ತಾಗಿದ್ದ ಗಾಡಿ ಅದು. ಅದಕ್ಕೆ ತಗಡಿನ ಗೂಡು ಕಟ್ಟಿ, ಒಳಗೆ ಮಂಚ, ಮೂಲೆಯಲ್ಲಿ ಬಚ್ಚಲು, ಮೇಲೆ ನೀರಿನ ಟ್ಯಾಂಕು, ಹೊರಗೋಡೆಗೆ ಗ್ಯಾಸ್ ಗೀಸರ್, ಚಳಿಗೆಂದು ಮಂಚದ ಪಕ್ಕ ಗ್ಯಾಸ್ ಹೀಟರ್ ಇಟ್ಟರು. ನನ್ನ ಅಡುಗೆಮನೆಯ ಎರಡನೇ ಸಿಲಿಂಡರ್ ಕೂಡ ಗಾಡಿ ಹತ್ತಿತು. ಬೀದಿಯವರೆಲ್ಲ ಇಣುಕಿ ನಕ್ಕರು, ನಾನೂ ನಕ್ಕೆ. ಆದರೆ ಆ ಮನುಷ್ಯನ ಮೇಲೆ ನನಗೆ ಪ್ರೀತಿ ಉಕ್ಕಿದ್ದು ಸುಳ್ಳಲ್ಲ.

ಹುಳು ಸಾಕುವವರಿಗೆ ಒಂದು ಚಟ, ಸಂದು ಕಂಡರೆ ಮುಚ್ಚುವುದು. ಊಜಿ ನೊಣ ನುಗ್ಗಿ ಹುಳುವಿನ ಮೇಲೆ ಮೊಟ್ಟೆಯಿಟ್ಟರೆ ಬೆಳೆ ಕೈಬಿಟ್ಟಂತೆಯೇ. ಯಜಮಾನರು ಟೆಂಪೋಗೂ ಅದೇ ಮಾಡಿದರು. ಬಾಗಿಲ ಅಂಚಿಗೆಲ್ಲ ರಬ್ಬರ್, ತಗಡಿನ ಸಂದಿಗೆಲ್ಲ ಅಂಟು. "ಸೊಳ್ಳೇನೂ ನುಸುಳಲ್ಲ ಕಣೇ" ಎಂದು ಬೀಗಿದರು.

ಗೌರಿಬಿದನೂರಿಗೆ ಹೋಗುವ ಮುಂಚೆ ಒಮ್ಮೆ ನೋಡಿಬಿಡೋಣವೆಂದು, ಚಳಿಗಾಲದ ಒಂದು ಬೆಳಗ್ಗೆ ಅತ್ತೆಯನ್ನು ಕೂರಿಸಿಕೊಂಡು ನಂದಿಬೆಟ್ಟದ ಕಡೆ ಹೋಗಿ ದ್ರಾಕ್ಷಿ ತೋಟದ ಪಕ್ಕ ನಿಲ್ಲಿಸಿದೆವು. ನೀರು ಹಬೆಯಾಡುತ್ತ ಸುರಿಯಿತು. ಸ್ನಾನವಾದ ಮೇಲೆ ಅತ್ತೆ ಹೀಟರ್ ಹಚ್ಚಿಸಿಕೊಂಡು ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಕಾಫಿ ಕೊಡಲು ಬಾಗಿಲು ತೆಗೆದರೆ, ಅವರು ಗೋಡೆಗೆ ಒರಗಿದ್ದಾರೆ; ಕರೆದರೆ ತೊದಲುತ್ತಿದ್ದಾರೆ. ಇಬ್ಬರೂ ಸೇರಿ ಹೊರಗೆಳೆದು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಓಡಿದೆವು. ಮುಚ್ಚಿದ ಜಾಗದಲ್ಲಿ ಗ್ಯಾಸ್ ಉರಿದು ವಿಷಗಾಳಿ ತುಂಬಿದೆ, ಇನ್ನು ಸ್ವಲ್ಪ ತಡವಾಗಿದ್ದರೆ ಜೀವ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ಯಜಮಾನರು ಹಾಸಿಗೆಯ ಪಕ್ಕ ತಲೆ ತಗ್ಗಿಸಿ ಕೂತು, "ಗುಜರಿಗೆ ಹಾಕ್ಬಿಡ್ತೀನಮ್ಮ" ಎಂದರು.

ಅತ್ತೆ ಕಣ್ಣು ಬಿಟ್ಟರು. "ನಾನೇನು ಚಾಕಿ ಹುಳಾನೇನೋ? ಎಳೇ ಹುಳಾನ ಮುಚ್ಚಿಡ್ತಾರೆ. ಬಲಿತ ಹುಳಕ್ಕೆ ಗಾಳಿ ಬಿಡ್ಬೇಕು ಅಂತ ನಿಂಗೆ ನಾನು ಹೇಳ್ಕೊಡ್ಬೇಕಾ? ಗಾಳಿ ಬಿಟ್ಟು ರೆಡಿ ಮಾಡು. ನನ್ ತಂಗೀನ ನೋಡ್ಬೇಕು."

ಒಳಗೆ ಉರಿಯುವ ಹೀಟರ್ ಹೋಯಿತು. ಹೊರಗಿನ ಗಾಳಿಯಲ್ಲೇ ಉರಿದು ಹೊಗೆಯನ್ನೂ ಹೊರಗೇ ಬಿಡುವಂಥದ್ದನ್ನು ತಿಳಿದವರಿಂದ ಹಾಕಿಸಿ, ಮೇಲೂ ಕೆಳಗೂ ಗಾಳಿಕಿಂಡಿ ಕೊರೆಸಿದರು. ಆಮೇಲೆ ಹೊರಟೆವು.

ಗೌರಿಬಿದನೂರಿನಲ್ಲಿ ಚಿಕ್ಕತ್ತೆಯ ಮಗ, ಸೊಸೆ ಇಬ್ಬರೂ ಬೆಳಗಾಗುತ್ತಲೇ ಫ್ಯಾಕ್ಟರಿಗೆ ಹೋಗಿದ್ದರು. ಅತ್ತೆ ತಂಗಿಯ ತಲೆ ಸವರಿದರು, ಕೂದಲು ಜಡೆಗಟ್ಟಿತ್ತು. "ನೀರು ಹಾಕ್ಕೊಂಡು ಎಷ್ಟು ದಿನ ಆಯ್ತೇ?"

"ಒದ್ದೆ ಬಟ್ಟೇಲಿ ಒರೆಸ್ಕೋತೀನಿ ಅಕ್ಕ. ಸೊಸೆ ಪಾಪ, ದುಡಿದು ಸುಸ್ತಾಗಿ ಬರ್ತಾಳೆ. ನೀರು ಕಾಯಿಸಿ ಹಾಕು ಅಂತ ಹೆಂಗೆ ಕೇಳಲಿ?"

ಅದು ಚಿಕ್ಕತ್ತೆಯ ಸ್ವಂತ ಮನೆ. ಅತ್ತೆ ಸೆರಗು ಸಿಕ್ಕಿಸಿಕೊಂಡರು. ನಾವು ಚಿಕ್ಕತ್ತೆಯನ್ನು ಕುರ್ಚಿಸಮೇತ ಎತ್ತಿ ಟೆಂಪೋದ ಬಚ್ಚಲಲ್ಲಿ ಕೂರಿಸಿದೆವು. ಅತ್ತೆ ತಂಗಿಯ ತಲೆಗೆ ಸೀಗೆಪುಡಿ ಹಚ್ಚಿ ಉಜ್ಜಿ, ನೀರು ಹಾಕತೊಡಗಿದರು. ಮಂಡಿನೋವು ಮರೆತು ನಿಂತೇ ಹಾಕಿದರು.

ನೀರು ಮುಗಿಯುತ್ತ ಬಂದಿತ್ತು. ಚಿಕ್ಕತ್ತೆ ಕಣ್ಣು ಮುಚ್ಚಿಕೊಂಡೇ ಮೆಲ್ಲಗೆ ಕೇಳಿದರು: "ಇನ್ನೊಂದು ಚೊಂಬು ಹಾಕು ಅಕ್ಕಾ."